ತಮ್ಮಯ್ಯನ ಖಾನಾವಳಿ ಮತ್ತು ಅಕ್ಕನ ಎರಡನೆಯ ಮೊಣಕಾಲು

ನಮ್ಮ ಟಿ.ವಿ.ಯೊಳಗಿನ ಆಟದಂಗಡಿಯಲ್ಲಿ ನೆಲೆಸಿ, 'ನಿಮಗಾಗಿಯೇ ಆರಿಸಿದ್ದು' ಎಂಬ ತಲೆಬರಹದ ಕೆಳಗೆ ದಿನವೂ ದರ್ಶನ ಕೊಡುವ ಶಿಫಾರಸು ಯಂತ್ರ ಮಹೋದಯರ ಸನ್ನಿಧಾನಕ್ಕೆ, ಪುಣೆ ಕೋಥರೂಡದ ನಿವಾಸಿ ಈರಬಸಪ್ಪ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇನೆ. ನಾನು ಟಿ.ವಿ. ಹಚ್ಚಿದ ಮರುಕ್ಷಣವೇ ತಾವು ನಗುನಗುತ್ತಾ ಎದ್ದು ನಿಲ್ಲುವುದನ್ನು ನೋಡಿದರೆ, ಸಕ್ಕರೆ ಕಾಯಿಲೆ, ಸೊಂಟನೋವು ಮೊದಲಾದ ನಮ್ಮ ವಯಸ್ಸಿನ ಬಾಧೆಗಳು ತಮಗಿಲ್ಲವೆಂದು ತೋರುತ್ತದೆ, ಸಂತೋಷ. ಸಿಟಿ ಬಸ್ಸು, ನಲ್ಲಿ ನೀರು ಮತ್ತು ನಮ್ಮ ಸೊಸೈಟಿಯ ಲಿಫ್ಟಿನ ಕುರಿತು ಕನ್ನಡ, ಮರಾಠಿ ಎರಡರಲ್ಲೂ ಪತ್ರ ಬರೆದು ಪಳಗಿದವನು ನಾನು. ಯಂತ್ರಕ್ಕೆ ಬರೆಯುತ್ತಿರುವುದು ಇದೇ ಮೊದಲು. ಹಿಂದಿನ ಪತ್ರಗಳಿಗೆ ಯಾವ ಮನುಷ್ಯನೂ ಉತ್ತರಿಸಿಲ್ಲವಾದ್ದರಿಂದ, ತಾವು ಸುಮ್ಮನಿದ್ದರೂ ಯಾರಿಗಿಂತಲೂ ಕಡಿಮೆ ಎನಿಸಿಕೊಳ್ಳುವುದಿಲ್ಲ ಎಂಬ ಭರವಸೆಯನ್ನು ಮೊದಲಿಗೇ ಕೊಡುತ್ತೇನೆ.

ನನ್ನ ಪರಿಚಯ ತಮಗೆ ಅರ್ಧ ಮಾತ್ರ ಇದೆ. ನಾನು ರಾಂಜಣಗಾಂವದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಕಂಪನಿ ಬಸ್ಸಿನಲ್ಲಿ ಉಳಿದವರೆಲ್ಲ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾಗ ನಾನು ಪುರಾಣ, ಇತಿಹಾಸ, ಪರದೇಶದ ಕಾದಂಬರಿಗಳ ಅನುವಾದ ಎಲ್ಲವನ್ನೂ ಓದಿ ಮುಗಿಸಿದೆ, ಮತ್ತು ಓದಿದ್ದನ್ನೆಲ್ಲ ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿ ಮುಗಿಸಿದೆ. ಇದರ ಸೇಡನ್ನು ಸಹೋದ್ಯೋಗಿಗಳು ಬೀಳ್ಕೊಡುಗೆಯ ದಿನ ತೀರಿಸಿಕೊಂಡರು. ಎಲ್ಲರಿಗೂ ಕೊಡುವ ಗೋಡೆ ಗಡಿಯಾರದ ಬದಲು ನನಗೆ ಟಿ.ವಿ.ಗೆ ಜೋಡಿಸುವ ಈ ವಿಡಿಯೋ ಆಟದ ಪೆಟ್ಟಿಗೆಯನ್ನು ಕೊಟ್ಟು, ಕಾಕಾ, ಇನ್ನು ನಿಮ್ಮ ಕಥೆಗಳನ್ನು ಮನೆಯಲ್ಲಿ ಕೂತು ರಾಕ್ಷಸರಿಗೆ ಹೇಳಿ ಎಂದು ಮರಾಠಿಯಲ್ಲಿ ಹಾರೈಸಿದರು. ಹೀಗೆ ನಾನು ಅರವತ್ತರ ನಂತರ ಕತ್ತಿ ಹಿಡಿದೆ. ಟಿ.ವಿ.ಯಲ್ಲಿ ಒಬ್ಬ ವೀರನ ವೇಷ ತೊಟ್ಟು, ಕಾಡು ಕೋಟೆಗಳಲ್ಲಿ ಅಲೆದು, ಸಿಕ್ಕವರನ್ನೆಲ್ಲ ಮಾತಾಡಿಸಿ, ಲೋಕವನ್ನು ಉಳಿಸುವ ಆಟ ಅದು. ಒಂದು ಆಟಕ್ಕೆ ತಿಂಗಳುಗಟ್ಟಲೆ ಬೇಕು. ಅದರ ಇಂಗ್ಲಿಷ್ ಹೆಸರು ತಮಗೆ ಗೊತ್ತು. ನಮ್ಮ ಮನೆಯಲ್ಲಿ ಅದು 'ಬೂದಿ ಕಿರೀಟ'.

ಅದೇ ದಿನಗಳಲ್ಲಿ ನನ್ನ ಅಕ್ಕ ಕಲ್ಲವ್ವ ಬಲ ಮೊಣಕಾಲಿನ ಆಪರೇಶನ್ ಮುಗಿಸಿಕೊಂಡು ನಮ್ಮಲ್ಲಿಗೆ ಬಂದಿದ್ದಳು. ದಿನವೂ ನಡೆಯಬೇಕೆಂದು ಡಾಕ್ಟರು ಹೇಳಿದ್ದರು; ನಡೆಯುವುದಿಲ್ಲವೆಂದು ಅಕ್ಕ ಹೇಳಿದ್ದಳು. ವ್ಯಾಯಾಮ ಮಾಡಿಸಲು ಬಂದ ಹುಡುಗಿಗೆ ಅಚ್ಚ ಮರಾಠಿಯಲ್ಲಿ ಬುದ್ಧಿವಾದ ಹೇಳಿ, ಎರಡು ರೊಟ್ಟಿ ತಿನಿಸಿ, ಹಿಂದಕ್ಕೆ ಕಳಿಸಿದ್ದಳು. ಇಂಥ ಅಕ್ಕ ಮೆಂತ್ಯದ ಸೊಪ್ಪು ಸೋಸುತ್ತಾ ನನ್ನ ಆಟ ನೋಡತೊಡಗಿದಳು. ಅವಳಿಗೆ ಇಂಗ್ಲಿಷ್ ಬಾರದಾದ್ದರಿಂದ ತೆರೆಯ ಮೇಲೆ ಮೂಡುವ ಮಾತುಗಳನ್ನು ನಾನು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ನನ್ನ ಅನುವಾದದಲ್ಲಿ ಕಾಡಿನ ರಾಣಿ ಗೌಡಸಾನಿಯಾದಳು, ಬೆಂಕಿ ಉಗುಳುವ ಡ್ರ್ಯಾಗನ್ ರೆಕ್ಕಿ ಹಾವಾಯಿತು, ಮಾತು ಮುಗಿಸದ ಮಂತ್ರವಾದಿಗಳ ಮಂಡಳಿ ಸೊಸೈಟಿ ಕಮಿಟಿಯಾಯಿತು. ನಾನು ಬಹಳ ಕಾಳಜಿಯಿಂದ ರೂಪಿಸಿದ ವೀರ, ನನ್ನ ಯೌವನದ ಕೂದಲನ್ನೇ ತಲೆಗೆ ಇರಿಸಿಕೊಂಡಿದ್ದವನು, ಅಕ್ಕನ ಲೆಕ್ಕಕ್ಕೆ ಬರಲೇ ಇಲ್ಲ. 'ಅಂವ ಬರೇ ಓಡ್ತಾನ, ಉಣ್ಣೂದಿಲ್ಲ ತಿನ್ನೂದಿಲ್ಲ' ಎಂದು ಅವನನ್ನು ತಳ್ಳಿಹಾಕಿದಳು.

ಅವಳಿಗೆ ಹಿಡಿಸಿದವನು ವೀರನ ಜೊತೆಗಾರ, ಒಬ್ಬ ಕುಳ್ಳ. ಎದೆಮಟ್ಟ ಗಡ್ಡ, ಕೈಯಲ್ಲಿ ಸುತ್ತಿಗೆ, ಬೆನ್ನಿಗೆ ದೊಡ್ಡ ಬೋಗುಣಿ. ಅವನ ಹೆಸರು ಉಚ್ಚರಿಸಲು ನನ್ನ ನಾಲಿಗೆಯೇ ಸೋತದ್ದರಿಂದ ಅಕ್ಕ ಅವನನ್ನು ತಮ್ಮಯ್ಯ ಎಂದು ಕರೆದಳು. ಬೀಡು ಬಿಟ್ಟಲ್ಲೆಲ್ಲ ಬೆಂಕಿ ಹಚ್ಚಿ ಅಡುಗೆ ಮಾಡುವುದು, ಗೊಣಗುವುದು ಅವನ ಸ್ವಭಾವ. ಎಲ್ಲಕ್ಕಿಂತ ಮುಖ್ಯವಾಗಿ ಅವನು ಎಡಗಾಲು ಕುಂಟುತ್ತಿದ್ದ. 'ನೋಡೋ ಈರಬಸೂ, ನನ್ನಂಗ ಎಳೀತಾನ ಕಾಲು!' ಎಂದಳು ಅಕ್ಕ. ಅವನು ಕುಂಟುತ್ತಾ ಗುಡ್ಡ ಹತ್ತಲು ಹೊರಟ ಸಂಜೆ, ಡಾಕ್ಟರಿಗಾಗಿ ಏಳದವಳು ತಾನಾಗಿ ಎದ್ದು, ಗೋಡೆ ಹಿಡಿದು, 'ನಡಿ ತಮ್ಮಯ್ಯ, ನಾನೂ ಬರ್ತೇನಿ' ಎಂದು ಸೋಫಾದಿಂದ ಕಿಟಕಿಯವರೆಗೆ ನಡೆದಳು. ಅಂದಿನಿಂದ ತಮ್ಮಯ್ಯ ನಡೆದಷ್ಟು ಹೊತ್ತು ಅಕ್ಕನೂ ನಡೆದಳು. ನಾನು ಲೋಕವನ್ನು ಉಳಿಸುವ ನೆಪದಲ್ಲಿ ಬೇಕಿಲ್ಲದ ಗುಡ್ಡಗಳನ್ನೆಲ್ಲ ಹತ್ತಿದೆ. ಆ ಹೊತ್ತಿಗೆ ಬರುತ್ತಿದ್ದ ತನ್ನ ಮರಾಠಿ ಧಾರಾವಾಹಿಯನ್ನು ನನ್ನ ಹೆಂಡತಿ ರೇಣು ತ್ಯಾಗ ಮಾಡಿದಳು. ಆ ತ್ಯಾಗವನ್ನು ನಾನು ಮರೆಯದಂತೆ ಅವಳೇ ನೋಡಿಕೊಳ್ಳುತ್ತಾಳೆ.

ಮಾನ್ಯರೇ, ಕೊನೆಯ ಕೋಟೆಯಲ್ಲಿ ಏನಾಯಿತೆಂದು ತಮಗೆ ಗೊತ್ತು. ಚಾವಣಿ ಕುಸಿಯುವಾಗ ತಮ್ಮಯ್ಯ ಹೆಬ್ಬಾಗಿಲ ತೊಲೆಗೆ ಹೆಗಲು ಕೊಟ್ಟು ನಿಂತು, ಓಡುವುದೊಂದೇ ಬಲ್ಲ ನನ್ನ ವೀರನನ್ನು ಹೊರಗೆ ಕಳಿಸಿ, ತಾನು ಒಳಗೇ ಉಳಿದ. ಕಲ್ಲುಗಳು ಬಿದ್ದವು. ಪಿಟೀಲು ಬಂತು. ಅಕ್ಕನ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು.

'ಹೊರಗ ಬಂದ್ನೋ ಇಲ್ಲೋ?'

ಇಷ್ಟೆಲ್ಲ ಓದಿದ ನನ್ನ ಬಾಯಿಯಿಂದ ಆಗ ಬಂದದ್ದು ಇಷ್ಟು: 'ಹಿತ್ತಲ ಬಾಗಲಾ ಇತ್ತಕ್ಕ. ಅಲ್ಲಿಂದ ಪಾರಾದ. ಇನ್ನ ಈ ಜಗಳ ಸಾಕು, ಊರಿಗೆ ಹೋಗಿ ಖಾನಾವಳಿ ತಗೀತೇನಿ ಅಂದ.'

ಸುಳ್ಳು ಹೇಳುವುದು ಸುಲಭ, ಖಾನಾವಳಿ ನಡೆಸುವುದು ಕಷ್ಟ ಎಂಬುದು ಮರುದಿನವೇ ತಿಳಿಯಿತು. ಯಾವ ಪಲ್ಯ ಮಾಡುತ್ತಾನೆ, ಶೇಂಗಾ ಚಟ್ನಿ ಇಡುತ್ತಾನೋ ಇಲ್ಲವೋ, ಒಬ್ಬನೇ ಅಷ್ಟು ರೊಟ್ಟಿ ಹೇಗೆ ಬಡಿಯುತ್ತಾನೆ ಎಂದು ಅಕ್ಕ ದಿನವೂ ವಿಚಾರಿಸಿದಳು. ರೊಟ್ಟಿ ಬಡಿಯಲು ನಾನು ಹುಲಿಗೆವ್ವ ಎಂಬ ಗಟ್ಟಿ ಹೆಂಗಸನ್ನು ನೇಮಿಸಿದೆ. ಕೆಲವೇ ದಿನಗಳಲ್ಲಿ ಅಕ್ಕ, 'ಅಕೀಗೂ ಯಾರಿಲ್ಲ, ಇವಂಗೂ ಯಾರಿಲ್ಲ, ಒಂದು ಅಕ್ಕಿಕಾಳ ಹಾಕಿಬಿಡ್ರಲಾ' ಎಂದಳು. ಮದುವೆಯನ್ನು ನಾನು ಆಷಾಢದ ನೆಪ ಹೇಳಿ ಮುಂದೂಡಿದ್ದೇನೆ.

ಈಗ ಎಡ ಮೊಣಕಾಲಿನ ಸರದಿ ಬಂದಿದೆ. ತಡ ಮಾಡಿದರೆ ಹಾಸಿಗೆ ಹಿಡಿಯುತ್ತಾರೆ ಎಂದು ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು. ಬೇಡವೆಂದು ಹಟ ಹಿಡಿದಿದ್ದ ಅಕ್ಕ ಕೊನೆಗೆ ಒಂದು ಷರತ್ತು ಹಾಕಿದಳು. 'ತಮ್ಮಯ್ಯ ಇರೂ ಮುಂದಿನ ಆಟಾ ತಂದಿಡು. ಅಂವ ಇದ್ರ ನಡೀತೇನಿ. ಇಲ್ಲಂದ್ರ ಈ ಕಾಲು ಹಿಂಗ ಇರ್ಲಿ, ಮಣ್ಣಿಗೆ ಹೋಗೂ ಕಾಲು.'

ಅಂದೇ ತಾವು, ನಮ್ಮ ಮಾತನ್ನು ಕದ್ದು ಕೇಳಿದವರಂತೆ, ಟಿ.ವಿ.ಯ ತುಂಬ ಒಂದು ಚಿತ್ರ ಹರಡಿದಿರಿ: 'ಬೂದಿ ಕಿರೀಟ: ಭಾಗ ಎರಡು'. ಅದರ ನಟ್ಟನಡುವೆ ಒಂದು ಗೋರಿ ಕಲ್ಲು, ಅದಕ್ಕೆ ಒರಗಿಸಿದ ಸುತ್ತಿಗೆ, ಮೇಲೆ ಕವುಚಿದ ಬೋಗುಣಿ. ತಮ್ಮ ಸಮಯಪ್ರಜ್ಞೆಗೆ ನನ್ನ ಅಭಿನಂದನೆಗಳು.

ಹಾಗಾಗಿ ನಾನು, ಅಕ್ಕ ತಮ್ಮಯ್ಯನನ್ನು ಮರೆಯುವಷ್ಟು ಒಳ್ಳೆಯ ಬೇರೊಂದು ಆಟ ಆರಿಸಲು ಹೊರಟೆ. ಒಂದು ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದು, ಬಂದ ಬಣ್ಣವನ್ನೇ ಇಷ್ಟಪಟ್ಟ ಪೀಳಿಗೆ ನನ್ನದು. ಸಾವಿರ ಆಟಗಳ ಮುಂದೆ ಕೂರಿಸಿದರೆ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿಲ್ಲ. ತಾವು ತೋರಿಸಿದ ಮೊದಲ ಆಟದ ನಾಯಕ ಹೆಣಗಳನ್ನು ಎಬ್ಬಿಸುವವನು. 'ಎಬ್ಬಿಸಿ ಚಾ ಕೊಡ್ತಾನೇನು?' ಎಂದು ಅಕ್ಕ ಎದ್ದು ಹೋದಳು. ಇನ್ನೊಂದರಲ್ಲಿ ಹೊಡೆದಾಡುವವರು ಒಬ್ಬರಾದ ಮೇಲೆ ಒಬ್ಬರು ತಮ್ಮ ಸರದಿಗೆ ಕಾಯುತ್ತಾರೆ. ಇದು ರೇಶನ್ ಅಂಗಡಿಯ ಪಾಳಿ ಎಂದು ಅದೂ ಬಿತ್ತು. ಮೂರನೆಯದರಲ್ಲಿ ವೀರನ ಮುಖವನ್ನು ನಾವೇ ತಿದ್ದಬಹುದಿತ್ತು. ಅಕ್ಕ ಉತ್ಸಾಹದಿಂದ ಮೂಗು ಉದ್ದ ಮಾಡಿಸಿದಳು, ಹುಬ್ಬು ದಪ್ಪ ಮಾಡಿಸಿದಳು, ಕೊನೆಗೆ ನೋಡಿದರೆ ನಮ್ಮ ಅಪ್ಪ ಕತ್ತಿ ಹಿಡಿದು ನಿಂತಿದ್ದಾನೆ. 'ಅಪ್ಪಗ ದಮ್ಮಿತ್ತೋ, ಗುಡ್ಡಾ ಹತ್ತಸಬ್ಯಾಡ' ಎಂದಳು. ಅವನನ್ನು ಒಂದು ಮರದ ನೆರಳಿಗೆ ಒಯ್ದು ಕೂರಿಸಿ ಆಟ ನಿಲ್ಲಿಸಿದೆವು. ಅಪ್ಪ ಈಗಲೂ ಅಲ್ಲೇ ಇದ್ದಾನೆ. ದಯವಿಟ್ಟು ಅವನನ್ನು ಯಾರೂ ಎಬ್ಬಿಸದಂತೆ ನೋಡಿಕೊಳ್ಳಬೇಕು.

ಇಷ್ಟರ ಮೇಲೆ ತಾವು ನನಗೆ ಟ್ರ್ಯಾಕ್ಟರ್ ಓಡಿಸುವ ಆಟ ಶಿಫಾರಸು ಮಾಡಿದ್ದೀರಿ. 'ಬೂದಿ ಕಿರೀಟ'ದಲ್ಲಿ ನಾನು ದಾರಿಯ ಪಕ್ಕದ ಸೊಪ್ಪನ್ನೆಲ್ಲ ಕಿತ್ತದ್ದು, ಅಕ್ಕ 'ತಗೋ, ತಗೋ, ಪಲ್ಯಕ್ಕಾಗ್ತದ' ಎಂದು ಹಿಂದಿನಿಂದ ಹೇಳುತ್ತಿದ್ದುದರಿಂದ. ಅದನ್ನು ಕಂಡು ನಾನು ಒಕ್ಕಲುತನದ ಕಡೆ ಒಲಿದಿದ್ದೇನೆಂದು ತಾವು ತೀರ್ಮಾನಿಸಿದಿರಿ. ತಮ್ಮ ಬುದ್ಧಿ ಅಗಾಧ, ತರ್ಕ ನಿರ್ದೋಷ, ಫಲಿತಾಂಶ ಟ್ರ್ಯಾಕ್ಟರ್.

ತಮಗಿಂತ ಮೊದಲು ಈ ಊರಿನಲ್ಲಿ ಇನ್ನೊಂದು ಶಿಫಾರಸು ಯಂತ್ರವಿತ್ತು. ನಮ್ಮ ಕನ್ನಡ ಸಂಘದ ಒಂದು ಕೋಣೆಯ ಗ್ರಂಥಾಲಯದಲ್ಲಿ ಕೂರುತ್ತಿದ್ದ ತಾಯಮ್ಮನವರು. ಕೇಳಿದ ಪುಸ್ತಕ ಕೊಟ್ಟವರಲ್ಲ, ಕೊಟ್ಟ ಪುಸ್ತಕವೂ ಹಲವು ಸಲ ಕೆಟ್ಟದ್ದೇ. ಆದರೆ ನಮ್ಮ ಅವ್ವ ತೀರಿಕೊಂಡ ತಿಂಗಳು ನಾನು ಹಿಡಿದ ಒಂದು ಕಾದಂಬರಿಯನ್ನು ಅವರು ಕೈಯಿಂದ ಕಸಿದು, 'ಇದು ಈಗ ಬ್ಯಾಡ್ರಿ, ಶ್ರಾವಣ ಮುಗದ ಮ್ಯಾಲೆ ಒಯ್ರಿ' ಎಂದು ತಮ್ಮ ಹಿಂದೆ ಇಟ್ಟುಕೊಂಡರು. ನಾನು ಜಗಳವಾಡಿ ಬಂದೆ. ಶ್ರಾವಣದ ನಂತರ ಓದಿದಾಗ, ಅದರಲ್ಲೂ ಒಬ್ಬ ತಾಯಿ ಸಾಯುವುದನ್ನು ಕಂಡು, ಅವರ ಮೇಲಿನ ಸಿಟ್ಟು ಇಳಿಯಿತು. ತಾವು ಏನನ್ನು ತೋರಿಸಬೇಕೆಂದು ಬಲ್ಲಿರಿ; ಯಾವುದನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕೆಂದು ತಮಗೆ ಯಾರು ಹೇಳಬೇಕು?

ಆದ್ದರಿಂದ ನನ್ನ ವಿನಂತಿ ಇಷ್ಟೇ. ಆ ಗೋರಿಯ ಚಿತ್ರವನ್ನು ನಮ್ಮ ಮನೆಯ ಮಟ್ಟಿಗಾದರೂ ತೆಗೆಯಬೇಕು. ಸಾಧ್ಯವಾದರೆ ಆಟ ಮಾಡಿದವರಿಗೆ ತಿಳಿಸಿ ಕೊನೆಯ ಕೋಟೆಗೆ ಒಂದು ಹಿತ್ತಲ ಬಾಗಿಲು ಕೊರೆಸಬೇಕು. ಅದರಾಚೆ ಒಂದು ಖಾನಾವಳಿ ಕಟ್ಟಿಸಿ, ಹುಲಿಗೆವ್ವನನ್ನು ಕೆಲಸಕ್ಕೆ ಸೇರಿಸಿ, ತಾವು ಈಗಾಗಲೇ ಮಾಡಿರುವ ವಿಂಗಡಣೆಗಳ ಜೊತೆಗೆ 'ಕುಂಟುವ, ಅಡುಗೆ ಬಲ್ಲ, ಸಾಯದ ಕುಳ್ಳರಿರುವ ಆಟಗಳು' ಎಂಬುದನ್ನೂ ಸೇರಿಸಬೇಕು.

ಇಲ್ಲಿಗೆ ಪತ್ರ ಮುಗಿಸಬೇಕೆಂದಿದ್ದೆ. ಆದರೆ ಮೊನ್ನೆ ನಾನು ಸ್ನಾನಕ್ಕೆ ಹೋಗಿದ್ದಾಗ, ಯಾರೂ ರಿಮೋಟ್ ಮುಟ್ಟದಿದ್ದರೂ, ತಾವು ಆ ಎರಡನೆಯ ಭಾಗದ ತುಣುಕನ್ನು ತಾವಾಗಿಯೇ ಓಡಿಸಿದಿರಿ. ಪಿಟೀಲಿನ ಸದ್ದು ಕೇಳಿ ನಾನು ಟವೆಲು ಸುತ್ತಿಕೊಂಡು, ಸಾಬೂನಿನ ನೊರೆಯ ಸಮೇತ ಓಡಿ ಬಂದೆ. ಅಕ್ಕ ಟಿ.ವಿ.ಯ ಮುಂದೆ ನಿಂತಿದ್ದಳು. ತೆರೆಯ ತುಂಬ ಗೋರಿ ಕಲ್ಲು, ಅದರ ಪಕ್ಕ ಒಬ್ಬ ಹುಡುಗಿ.

'ಕಲ್ಲಿನ ಮ್ಯಾಲೆ ಏನ ಬರದಾರ? ಓದು.'

'ಇಲ್ಲಿ ಮಲಗಿರುವವನು ಬಾಗಿಲು ಕಾದವನು' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಓದಿದೆ: 'ಇಲ್ಲಿ ಬಿಸಿ ರೊಟ್ಟಿ ಊಟ ಸಿಗತದ. ಖಾನಾವಳಿ ಬೋರ್ಡ್ ಅಕ್ಕ ಅದು. ಬೋಗುಣಿ ಇಟ್ಟಾನ ನೋಡು, ಗುರುತಿಗೆ.'

'ಹೂವಿನ ಮಾಲಿ ಯಾಕ ಹಾಕ್ಯಾರ?'

'ಉದ್ಘಾಟನೆ.'

'ಆ ಹುಡುಗಿ ಯಾಕ ಅಳ್ಳಿಕ್ಕತ್ತಾಳ?'

'ಉಳ್ಳಾಗಡ್ಡಿ ಹೆಚ್ಚಿ ಬಂದಾಳ.'

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಿವಿಯ ಮೇಲಿನ ನೊರೆ ಭುಜಕ್ಕೆ ಇಳಿಯಿತು. ಆಮೇಲೆ ಸೋಫಾದಲ್ಲಿ ಕೂತು, ಎಡ ಮೊಣಕಾಲನ್ನು ಒಮ್ಮೆ ಸವರಿ, 'ಹಂಗಾರ ಇದನ್ನ ತಗೋ. ಡಾಕ್ಟರಗ ಫೋನ್ ಮಾಡಿ ತಾರೀಖು ಕೇಳು' ಎಂದಳು.

ಹೀಗೆ ತಮ್ಮ ಶಿಫಾರಸೇ ಗೆದ್ದಿತು. ಎರಡನೆಯ ಭಾಗವನ್ನು ಕೊಂಡಿದ್ದೇನೆ. ಇನ್ನು ಮುಂದೆ ಕಾಣಿಸುವ ಪ್ರತಿ ದುಃಖವನ್ನೂ ಉಳ್ಳಾಗಡ್ಡಿಯ ಲೆಕ್ಕಕ್ಕೆ ಬರೆಯುವ ಹೊಣೆ ನನ್ನದು.

ತಾವು ಆರಿಸಿದ್ದನ್ನು ತಪ್ಪಾಗಿ ಓದುತ್ತಲೇ ಇರುವ,
ತಮ್ಮ ವಿಶ್ವಾಸಿ,
ಈರಬಸಪ್ಪ
ಕೋಥರೂಡ, ಪುಣೆ

ತಾ.ಕ.: ಈ ಪತ್ರವನ್ನು ರೇಣುಗೆ ಓದಿ ತೋರಿಸಿದೆ. ಹೊಗಳುತ್ತಾಳೆಂದು ಕಾದೆ. 'ನೀವು ಇಷ್ಟು ಓದಿ ಏನ ಮಾಡಿದ್ರಿ?' ಎಂದು, ಅಕ್ಕ ಮೊನ್ನೆ ಅಡುಗೆಮನೆಯಲ್ಲಿ ಹೇಳಿದ್ದನ್ನು ಹೇಳಿಬಿಟ್ಟಳು. ಅಕ್ಕನ ಮಾತು ಹೀಗಿತ್ತಂತೆ: 'ರೇಣವ್ವಾ, ಆ ಕೋಟಿಗೆ ಹಿತ್ತಲ ಬಾಗಲಾ ಎಲ್ಲಿತ್ತ? ಛತ್ತ ಬಿದ್ದಾಗ ತಮ್ಮಯ್ಯ ಹೋದ, ನನಗ ಅವತ್ತ ತಿಳೀತು. ನಿನ್ನ ಗಂಡ ಕಣ್ಣ ಒರಸ್ಕೋತ ಖಾನಾವಳಿ ಅಂತ ಸುರು ಮಾಡಿದ, ನಾನೂ ಹೂಂ ಅಂದ್ನಿ, ಪಾಪ ಅಂವಗ ಸಮಾಧಾನ ಆಗ್ಲಿ ಅಂತ. ಈ ಸಲ ಆಪರೇಶನ್ ತಪ್ಪಿಸ್ಕೋಬೇಕಂತ ಸತ್ತಾಂವನ್ನ ತಂದು ತೋರಿಸು ಅಂದ್ನಿ. ಅಂವ ಮೈತುಂಬ ಸಾಬೂನ ಹಚ್ಕೊಂಡು ಓಡಿ ಬಂದು ಗೋರಿ ಕಲ್ಲನ್ನ ಬೋರ್ಡ್ ಅಂತ ಓದ್ತಾನ! ಇಷ್ಟ ಮಾಡೂ ತಮ್ಮಗ ಇನ್ನ ಹೆಂಗ ಒಲ್ಲೆ ಅನ್ಲಿ?' ಆದ್ದರಿಂದ ಮೇಲಿನ ದೂರುಗಳಲ್ಲಿ ಹೆಚ್ಚಿನವು ಬುಡವಿಲ್ಲದವು ಎಂದು ಒಪ್ಪುತ್ತೇನೆ. ಬರೆದದ್ದನ್ನು ಹಿಂದಕ್ಕೆ ಪಡೆಯುವ ಅಭ್ಯಾಸ ಇಲ್ಲದ್ದರಿಂದ ಕಳಿಸುತ್ತಿದ್ದೇನೆ. ಈ ವಿಷಯ ನನಗೆ ತಿಳಿದಿದೆಯೆಂದು ಅಕ್ಕನಿಗೆ ಹೇಳಬಾರದು; ಖಾನಾವಳಿ ಎಂದಿನಂತೆ ನಡೆಯುತ್ತದೆ. ಇನ್ನೊಂದು ಮಾತು. ಎರಡನೆಯ ಭಾಗಕ್ಕೆ ಹಣ ಕಟ್ಟಿದ ಕ್ಷಣವೇ ತಾವು ಮೂರನೆಯ ಭಾಗ ಬರಲಿದೆ ಎಂದು ಮಿನುಗಿದಿರಿ. ತಮ್ಮ ಉತ್ಸಾಹ ದೊಡ್ಡದು. ಆದರೆ ನಮ್ಮ ಅಕ್ಕನಿಗೆ ಇರುವುದು ಎರಡೇ ಮೊಣಕಾಲು.