ದೇವರು ಭಟ್ಟರ ಬಿಸಿಲು ಮದ್ದು

ಶಿರಸಿಯ ದೇವರು ಭಟ್ಟರಿಗೆ ಈ ಜಗತ್ತಿನಲ್ಲಿ ಹೆದರಿಕೆ ಅಂತ ಇದ್ದದ್ದು ಒಂದಕ್ಕೇ, ಸೂಜಿಗೆ. ಡಾಕ್ಟರ್ ಉಲ್ಲಾಸ ಅದನ್ನೇ ಕೈಯಲ್ಲಿ ಹಿಡಿದು ಮಾತು ಶುರು ಮಾಡಿದರು.

"ಭಟ್ರೇ, ನಿಮ್ಮ ಮೈಯಲ್ಲಿ ವಿಟಮಿನ್ ಡಿ ತಳ ಕಂಡಿದೆ. ಅದಿಲ್ಲದೆ ಎಷ್ಟು ಹಾಲು ಕುಡಿದ್ರೂ ಮೂಳೆಗೆ ಹತ್ತೋದಿಲ್ಲ. ಮಂಡಿ ನೋವು ಅದಕ್ಕೇ. ಸೊಂಟಕ್ಕೊಂದು ಇಂಜೆಕ್ಷನ್ ಕೊಡ್ಲಾ?"

ತಳ ಕಾಣದೆ ಏನಾಗುತ್ತದೆ? ಸೊಸೈಟಿಯ ಗೋದಾಮಿನಲ್ಲಿ ಇಪ್ಪತ್ತೇಳು ವರ್ಷ ಕಾಳುಮೆಣಸಿನ ಚೀಲ ತೂಗಿದ ಭಟ್ಟರು ಬಿಸಿಲನ್ನು ಕಂಡದ್ದು ಭಾನುವಾರ ಮಾತ್ರ. ಈಗ ಮಗಳು ಅಭಿಜ್ಞಾಳ ಮದುವೆಗೆ ಒಂದು ತಿಂಗಳಿತ್ತು. ಮಂಡಿ ಮಡಚಿ ಮಣೆಯ ಮೇಲೆ ಕೂರಲಾಗದಿದ್ದರೆ ಧಾರೆ ಎರೆಯುವವನು ತಮ್ಮ ಸುಹಾಸ. ಆಮೇಲೆ ಅದನ್ನು ಅವನು ಸಾಯುವತನಕ ಹೇಳಿಕೊಂಡು ತಿರುಗುತ್ತಾನೆ. ಭಟ್ಟರಿಗೆ ಮಂಡಿನೋವಿಗಿಂತ ಆ ನೋವೇ ದೊಡ್ಡದು.

"ಸೂಜಿ ಬಿಟ್ಟು ಬೇರೆ ದಾರಿ ಇಲ್ವಾ?"

"ಬಿಸಿಲಿದೆ. ದಿನಾ ಹನ್ನೊಂದಕ್ಕೆ ಬರಿ ಬೆನ್ನಲ್ಲಿ ಅರ್ಧ ಗಂಟೆ ಬೋರಲು ಮಲಗಿ. ಆದ್ರೆ ತಪ್ಪಿಸೋ ಹಾಗಿಲ್ಲ."

ಭಟ್ಟರು ಮರುದಿನವೇ ರಜೆ ಹಾಕಿದರು. ಮನೆಯಲ್ಲಿ ಗಂಡಸು ಖಾಲಿ ಇರುವುದು ಏಪ್ರಿಲ್ ತಿಂಗಳಲ್ಲಿ ದೊಡ್ಡ ಅಪರಾಧ. ಹೆಂಡತಿ ಪರಿಮಳಾ ಬೆಳಗಿನ ಐದಕ್ಕೇ ಎಬ್ಬಿಸಿ, ಬೇಯಿಸಿದ ಹಲಸಿನ ತೊಳೆ ಕುಟ್ಟಲು ಒನಕೆ ಕೊಟ್ಟಳು. ಮದುವೆಮನೆಯ ಹಪ್ಪಳ ಅದು, ಇಲ್ಲವೆನ್ನುವಂತಿಲ್ಲ. ಕುಟ್ಟಿ, ಸ್ನಾನ ಮುಗಿಸಿ, ಮಡಿಪಂಚೆಯುಟ್ಟು ತಾರಸಿಗೆ ಹೋದರೆ ಹಪ್ಪಳದ ಚಾಪೆಗಳು ಆಗಲೇ ಬಂದು ಮಲಗಿದ್ದವು. ಮೂಲೆಯಲ್ಲೊಂದು ಆಳುದ್ದದ ಜಾಗ ಉಳಿದಿತ್ತು.

"ನಿಂಗ ಹೆಂಗಿದ್ರೂ ಇಲ್ಲೇ ಮನಿಕ್ಯತ್ರಲಿ, ಕಾಗೆ ಬರದೇ ಇದ್ದಾಂಗೆ ನೋಡ್ಕ್ಯಳಿ," ಎಂದಳು ಪರಿಮಳಾ.

"ಆನು ಔಷಧಿ ತಗತ್ತಾ ಇದ್ದೆ ಮಾರಾಯ್ತಿ. ಕಾಗೆ ಕಾಯಲೆ ಆಗ್ತಿಲ್ಲೆ."

ಅಷ್ಟರಲ್ಲಿ ಪಕ್ಕದ ಮನೆಯ ಸಾವಿತ್ರವ್ವ ಮತ್ತೊಂದು ಹರಿವಾಣ ಹಪ್ಪಳ ಹೊತ್ತು ಮೇಲೆ ಬಂದಳು. ಹಾವೇರಿ ಕಡೆಯಿಂದ ಬಂದು ನೆಲೆಸಿದ ಅವಳಿಗೆ ಓಣಿಯವರ ಮೂಳೆಯ ಚಿಂತೆಯೂ ಇತ್ತು.

"ಭಟ್ರ, ಬಿಸಲಾಗ ಅಲುಗಾಡಬ್ಯಾಡ್ರಿ. ನಮ್ಮಣ್ಣಗೂ ಹಿಂಗ ಆಗಿತ್ತು. ವಿಟಮಿನ್ ಇಳಿಯೂ ಮುಂದ ಚುರುಚುರು ಅಂತೈತಿ, ತಡಕೋಬೇಕು."

ಭಟ್ಟರು ತಲೆಯಾಡಿಸಿ ಬೋರಲು ಮಲಗಿದರು. ಬೆಳಗಿನಿಂದ ಒನಕೆ ಹಿಡಿದು ದಣಿದ ಕೈ, ಬೆಚ್ಚಗಿನ ತಾರಸಿ. ಐದು ನಿಮಿಷಕ್ಕೇ ಗೊರಕೆ ಬಂತು.

ಎಷ್ಟೋ ಹೊತ್ತಿನ ಮೇಲೆ ಬೆನ್ನು ಚುರುಗುಟ್ಟಿತು. 'ಓಹೋ, ಇಳಿಯಲು ಹತ್ತಿತು' ಎಂದು ಭಟ್ಟರು ಅರೆನಿದ್ದೆಯಲ್ಲೇ ಹಿಗ್ಗಿದರು. ಉರಿ ಹೆಚ್ಚಿದಷ್ಟೂ ಹಿಗ್ಗೂ ಹೆಚ್ಚಿತು. ಮಣೆಯ ಮೇಲೆ ತಾನು ಚಕ್ಕಳಮಕ್ಕಳ ಹಾಕಿ ಕೂತದ್ದು, ಸುಹಾಸ ಕಂಬಕ್ಕೊರಗಿ ಹೊಟ್ಟೆ ಉರಿದುಕೊಳ್ಳುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಹಲ್ಲು ಕಚ್ಚಿ ಇನ್ನೂ ಒಂದು ತಾಸು ಮಿಸುಕಾಡದೆ ಬಿದ್ದುಕೊಂಡರು.

ಆಗ ಬೆನ್ನಿಗೆ ಏನೋ ಬಲವಾಗಿ ಕುಕ್ಕಿತು. ಭಟ್ಟರು ಬೊಬ್ಬೆ ಹಾಕಿ ಎದ್ದರು. ಕಾಗೆಯೊಂದು ಹಾರಿತು. ಅದರ ಹಿಂದೆಯೇ ಬೆನ್ನಿನಿಂದ ಒಂದೊಂದಾಗಿ ಹಪ್ಪಳ ಕಳಚಿ ಬಿದ್ದವು.

ಸಾವಿತ್ರವ್ವ ಓಡಿಬಂದು ಅವನ್ನು ಆರಿಸತೊಡಗಿದಳು. "ಇನ್ನೊಂದರ್ಧ ತಾಸು ಮಲಗಿದ್ರ ಏನ ಹೋಗ್ತಿತ್ರಿ? ಕಡೀ ಹದಿನೇಳಕ್ಕ ಚಾಪಿ ಮ್ಯಾಲೆ ಜಾಗಾ ಇರಲಿಲ್ಲ. ಹ್ಯಾಂಗೂ ಜಳಕಾ ಮಾಡಿ ಮಡೀಲೆ ಮಲಗೀರಿ ಅಂತ ಹಾಕಿದ್ವಿ."

ಭಟ್ಟರು ಹೆಂಡತಿಯ ಮುಖ ನೋಡಿದರು.

"ಚಲೋ ನಿದ್ದೆ ಬಂದಿತ್ತು ನಿಂಗಕ್ಕೆ. ಎಬ್ಸದು ಎಂತಕ್ಕೆ ಅಂತ ಸುಮ್ನಾದೆ," ಎಂದಳು ಪರಿಮಳಾ.

ಸಂಜೆ ಡಾಕ್ಟರು ಆ ಬೆನ್ನನ್ನು ಬೆಳಕಿಗೆ ತಿರುಗಿಸಿದರು. ಸುತ್ತ ಕೆಂಡದಂತೆ ಕೆಂಪು; ನಡುವೆ ದುಂಡಗೆ, ಬೆಳ್ಳಗೆ, ಎಣಿಸಿದರೆ ಹದಿನೇಳು ಗುರುತು.

"ಧಾರೆಗೆ ಬರಿಮೈಯಲ್ಲಿ ಕೂರಬೇಕಲ್ವಾ ನೀವು?"

"ಹೌದು. ಬೀಗರೆಲ್ಲ ಹಿಂದೇ ಕೂತಿರ್ತಾರೆ," ಎಂದರು ಭಟ್ಟರು ಸಣ್ಣ ದನಿಯಲ್ಲಿ.

"ಹಾಗಾದ್ರೆ ಇದು ಮಾಸಬೇಕು. ಮದುವೆ ತನಕ ಬೆನ್ನಿಗೆ ಬಿಸಿಲು ಸೋಕಬಾರ್ದು."

"ಮತ್ತೆ ಮಂಡಿ?"

ಡಾಕ್ಟರು ಕಪಾಟು ತೆರೆದರು. ಭಟ್ಟರು ಬಾಗಿಲಿನ ಕಡೆಗೆ ಒಂದು ಹೆಜ್ಜೆ ಸರಿದರು.

"ಬೋರಲು ಮಲಗಿ ಭಟ್ರೇ," ಎಂದರು ಡಾಕ್ಟರು, ಸೂಜಿಯನ್ನು ಮೇಲೆತ್ತಿ ನೋಡುತ್ತ. "ಸ್ವಲ್ಪ ಚುರುಕ್ ಅನ್ನತ್ತೆ. ಅಲುಗಾಡಬೇಡಿ."