ಬಡಿದ ರೊಟ್ಟಿ, ಬಾರದ ಹೆಂಡತಿ

ರೊಟ್ಟಿ ಬಡಿಯುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಹಿಟ್ಟಿದೆ, ನೀರಿದೆ, ಎರಡು ಕೈ ಇವೆ. ಇನ್ನೇನು ಬೇಕು!

ನನ್ನ ಹೆಂಡತಿ ಶರಣಮ್ಮ ಬಸುರಿ ತಂಗಿಯ ಕುಬಸಕ್ಕೆಂದು ತೆಂಗಳಿಯ ತವರಿಗೆ ಹೋದವಳು, ಕೊರೊನಾ ಲಾಕ್‌ಡೌನ್ ಬಿದ್ದು ಅಲ್ಲೇ ಉಳಿದುಬಿಟ್ಟಳು. ಬಸ್ಸಿಲ್ಲ, ಊರೂರಿನ ದಾರಿಗೆ ಮುಳ್ಳುಕಂಟಿ ಅಡ್ಡ. ನಾನು ಕಲಿಸುವ ಶಾಲೆಗೂ ಬೀಗ ಬಿದ್ದು, ವಾಡಿಯ ಬಾಡಿಗೆ ಮನೆಯಲ್ಲಿ ನಾನೊಬ್ಬನೇ ಉಳಿದೆ. ಮಾಸ್ತರನಿಗೆ ಹೆಂಡತಿಯಿಂದ ಫೋನಿನಲ್ಲಿ ರೊಟ್ಟಿ ಪಾಠ ಶುರುವಾಯಿತು.

"ಬಿಸಿನೀರ್ ಹಾಕಿ ಚಲೋ ನಾದ್ರಿ. ತಿರಗಿಸ್ಕೋತ ಬಡೀರಿ. ಸಿಟ್ಟು ಅದರ ಮ್ಯಾಲ ತೀರಿಸ್ಕೋಬ್ಯಾಡ್ರಿ!"

ಬಡಿದೆ. ಮೊದಲ ರೊಟ್ಟಿ ಅಡುಗೆಕಟ್ಟೆಯ ಶಹಾಬಾದಿ ಕಲ್ಲಿಗೆ ಅಂಟಿತು, ಎರಡನೆಯದು ನನ್ನ ಕೈಗೆ. ಇನ್ನೊಂದು ಹಂಚಿನವರೆಗೆ ಹೊರಟು ದಾರಿಯಲ್ಲೇ ಎರಡು ಹೋಳಾಯಿತು. ತಿನ್ನಲು ಯಾವುದೂ ಬರಲಿಲ್ಲ. ಆದರೆ ಟಪ್ ಟಪ್ ಎಂಬ ಆ ಸದ್ದಿಗೆ ಮನೆ ಮನೆಯಂತಾಯಿತು. ಅವಳು ಹೋದಮೇಲೆ ಮೊದಲ ಸಲ ಬೆಳಗಾಯಿತು ಎನಿಸಿತು.

ಅಂದಿನಿಂದ ನಾನು ರೊಟ್ಟಿ ಬಡಿದದ್ದು ತಿನ್ನಲಿಕ್ಕಲ್ಲ, ಕೇಳಲಿಕ್ಕೆ! ಊಟಕ್ಕೆ ಅನ್ನ ಬೇಯಿಸಿಕೊಳ್ಳುತ್ತಿದ್ದೆ. ಆದರೂ ಸದ್ದಿನಲ್ಲಿ ಏನೋ ಕಡಿಮೆ. ಯೋಚಿಸಿದಾಗ ಹೊಳೆಯಿತು: ಬಳೆ! ಕನ್ನಡಿಯ ಮುಂದೆ ಅವಳು ಬಿಟ್ಟುಹೋದ ಹಸಿರು ಬಳೆಗಳಿದ್ದವು. ಸೋಪು ಹಚ್ಚಿ, ಹಲ್ಲು ಕಚ್ಚಿ ಏರಿಸಿದೆ. ಒಂದು ಒಡೆಯಿತು, ಎರಡು ಏರಿದವು. ಸದ್ದು ಪಕ್ಕಾ ಬಂತು. ಬಳೆ ಮಾತ್ರ ಕೈಯಿಂದ ವಾಪಸ್ ಬರಲಿಲ್ಲ.

ಹೀಗೆ ಒಂದು ಮುಂಜಾನೆ ಬಡಿತ ಜೋರಾಗಿದ್ದಾಗ ಯಾರೋ ಬಾಗಿಲು ತಟ್ಟಿದರು. ತೆರೆದರೆ ಆಶಾ ಕಾರ್ಯಕರ್ತೆ. ಅವರ ಹಿಂದೆ ಮಾರು ದೂರದಲ್ಲಿ, ಮೂಗಿಗೆ ಸೆರಗು ಹಿಡಿದ ಪಕ್ಕದ ಮನೆಯ ನೀಲಮ್ಮ.

"ಸರ್, ಹೊರಗಿನ ಊರಿಂದ ನಿಮ್ಮ ಮನ್ಯಾಗ ಯಾರೋ ಬಂದಾರಂತಲ್ರಿ? ನಮಗ ಹೇಳ್ಲೇ ಇಲ್ಲ?" ಎಂದರು ಆಶಾ ಕಾರ್ಯಕರ್ತೆ.

"ಯಾರೂ ಬಂದಿಲ್ರಿ."

"ಸುಳ್ಳ್ ಯಾಕ ಹೇಳ್ತೀರಿ ಸರ್?" ಎಂದರು ನೀಲಮ್ಮ. "ದಿನಾ ಮುಂಜಾನಿ ಶರಣಮ್ಮಕ್ಕ ರೊಟ್ಟಿ ಬಡೀಲಕತ್ತಾರ. ಬಳಿ ಆವಾಜ ನಮ್ಮನಿ ತನಕ ಕೇಳಸ್ತದ. ಅವರ ಕೈ ನನಗ ಗೊತ್ತಿಲ್ಲೇನ್ರಿ?"

ನಾನು ಘನತೆಯಿಂದ ಕೈ ಎತ್ತಿ ತೋರಿಸಿದೆ. ಮೊಣಕೈವರೆಗೆ ಹಿಟ್ಟು, ಮಣಿಕಟ್ಟಿನಲ್ಲಿ ಹಸಿರು ಬಳೆ. ಇಬ್ಬರೂ ಹಿಂದೆ ಸರಿದರು. ಕೊರೊನಾಕ್ಕೂ ಅವರು ಅಷ್ಟು ಹೆದರಿರಲಿಲ್ಲ!

"ಜ್ವರ ಗಿರ ಏನರ ಬಂದಾವೇನ್ರಿ ಸರ್?" ಆಶಾ ಕಾರ್ಯಕರ್ತೆ ಮೆಲ್ಲಗೆ ಕೇಳಿದರು.

"ಅಕಿ ಭಾಳ ನೆನಪಾಗ್ತಾಳ್ರಿ," ಎಂದೆ. ಆ ಹೊತ್ತಿಗೆ ಯಾವ ಸುಳ್ಳೂ ಹೊಳೆಯಲಿಲ್ಲ.

ಯಾರೂ ನಗಲಿಲ್ಲ. ನೀಲಮ್ಮ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಆದರೂ ನಿಯಮ ನಿಯಮವೇ.

"ಒಂದ್ಸಲ ಒಳಗ ನೋಡ್ಕೊಂಡ್ ಹೋಗ್ತೀನ್ರಿ," ಎಂದು ಆಶಾ ಕಾರ್ಯಕರ್ತೆ ಅಡುಗೆಮನೆ ನೋಡಿದರು, ಬಚ್ಚಲು ನೋಡಿದರು. ಕೊನೆಗೆ ಮಲಗುವ ಕೋಣೆಯ ಬಾಗಿಲು ತಳ್ಳಿದರು.

ಅವರ ಹೆಗಲ ಹಿಂದಿನಿಂದ ನಾನೂ ಇಣುಕಿದೆ. ನೀಲಮ್ಮ ಅಷ್ಟು ಖಾತ್ರಿಯಾಗಿ ಹೇಳಿದ್ದರಲ್ಲ, ಅವಳು ಬಂದಿದ್ದರೂ ಬಂದಿರಬಹುದು!