ಷಟರ್ ಇಲ್ಲದ ಅಂಗಡಿಯೂ ಅಜ್ಜಂಪುರದ ಒಟಿಪಿಯೂ

ಕಡೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಗಿರಾಕಿ ಬರುತ್ತಾರೆ, ಕೊಳಗ ಎತ್ತಿ ಬೆರಳಿನಿಂದ ಟಣ್ ಎಂದು ಬಡಿದು ನೋಡುತ್ತಾರೆ, ಮನಸಾರೆ ಚೌಕಾಸಿ ಮಾಡುತ್ತಾರೆ, ಕೊನೆಗೆ ಅದರ ಮೇಲೆ ಹೆಸರು ಕೆತ್ತಿಸಿಕೊಂಡು ಹೊತ್ತುಕೊಂಡು ಹೋಗುತ್ತಾರೆ. ವ್ಯಾಪಾರ ಅಂದರೆ ಇದು ಎಂದು ನಂಬಿಕೊಂಡೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಇಂಥ ಸಂಪ್ರದಾಯಸ್ಥ ವರ್ತಕನ ಧರ್ಮಪತ್ನಿ ಮಾತ್ರ ಷಟರೇ ಇಲ್ಲದ ಅಂಗಡಿಯೊಂದರ ಕಾಯಂ ಗಿರಾಕಿ.

ನನ್ನ ಹೆಂಡತಿ ದೀಪಶ್ರೀ ತರೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೇರೆಯವರ ಹೆಂಡತಿಯರು ಧಾರಾವಾಹಿ ನೋಡುವ ಹೊತ್ತಿನಲ್ಲಿ ಇವಳು ಕಂಪ್ಯೂಟರಿನಲ್ಲಿ ಊರು ಕಟ್ಟುತ್ತಾಳೆ. ಅದೊಂದು ಆಟ. ರಸ್ತೆ ಹಾಕಬೇಕು, ನೀರು ಹರಿಸಬೇಕು, ಕರೆಂಟ್ ಕೊಡಬೇಕು, ಜನ ಗಲಾಟೆ ಮಾಡದಂತೆ ನೋಡಿಕೊಳ್ಳಬೇಕು. (ಅವಳ ಊರಿನ ಚರಂಡಿಗಳನ್ನು ನೋಡಿದರೆ ನಮ್ಮ ಬೀದಿಯವರೆಲ್ಲ ಅಲ್ಲಿಗೇ ಗುಳೆ ಹೋದಾರು.) ಆ ಆಟವನ್ನೂ ಅಂಥವೇ ಇನ್ನೊಂದಿಷ್ಟನ್ನೂ ಅವಳು ಇಂಟರ್ನೆಟ್ಟಿನ ಅಂಗಡಿಯಲ್ಲಿ ಕೊಂಡಿದ್ದಾಳೆ.

"ಆಟ ತಗೊಂಡೆ ಅಂದ್ಯಲ್ಲ, ಡಬ್ಬಿ ಎಲ್ಲೇ?" ಎಂದು ನಾನು ಒಮ್ಮೆ ಕೇಳಿದ್ದೆ.

"ಡಬ್ಬಿ, ಸೀಡಿ ಎಲ್ಲ ಹಳೇ ಕಾಲಕ್ಕೇ ಹೋಯ್ತು ಕಣ್ರೀ. ಸಾಮಾನು ಅಂಗಡೀಲೇ ಇರುತ್ತೆ, ಬೇಕಾದಾಗ ಇಳಿಸ್ಕೊಳ್ಳೋದು. ಗೀರು ಬೀಳಲ್ಲ, ಕಳೆದುಹೋಗಲ್ಲ, ಬೆಂಗಳೂರಿಗೆ ಹೋಗಿ ತರೋ ಕೆಲ್ಸ ಇಲ್ಲ. ಹಬ್ಬ ಬಂದ್ರೆ ರೇಟು ಅರ್ಧಕ್ಕರ್ಧ ಇಳಿಸ್ತಾರೆ. ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ಸೂ ತಗೋತಾರೆ. ನೀವು ಯಾವತ್ತಾದ್ರೂ ಕುಕ್ಕರ್ ವಾಪಸ್ ತಗೊಂಡಿದ್ದೀರಾ?"

(ಕೊನೆಯ ವಾಕ್ಯದ ಅಗತ್ಯವಿರಲಿಲ್ಲ.)

"ಅಂಗಡಿಯವನು ಬಾಗ್ಲು ಹಾಕ್ಕೊಂಡು ಹೋಗ್ಬಿಟ್ರೆ?"

"ಹಾಗೆಲ್ಲ ಹೋಗಲ್ಲ."

"ಹೋದ್ರೆ?"

"ಆವಾಗ ಕಷ್ಟಾನೇ. ನಿಜ ಹೇಳ್ಬೇಕು ಅಂದ್ರೆ ಅದು ಪೂರ್ತಿ ನಮ್ದಲ್ಲ. ದುಡ್ಡು ಕೊಟ್ಟಿರೋದು ಆಡೋ ಪರ್ಮಿಷನ್‌ಗೆ ಅಷ್ಟೆ" ಎಂದಳು.

ಅವತ್ತಿನಿಂದ ಒಳಗೊಳಗೇ ಒಂದು ಭಯ. ಅದರ ಮೇಲೆ ಕಳೆದ ವಾರ ಪತ್ರಿಕೆಯ ಮೂಲೆಯಲ್ಲಿ, ಯಾವುದೋ ದೇಶದಲ್ಲಿ ಇಂಥದ್ದೇ ಒಂದು ಅಂಗಡಿ ಮುಚ್ಚಿ, ಗಿರಾಕಿಗಳು ಕೊಂಡ ಆಟಗಳೆಲ್ಲ ಮಾಯವಾದವು ಎಂಬ ಸುದ್ದಿ ಓದಿದೆ. ಊಟ ಸೇರಲಿಲ್ಲ. ಯಾಕೆಂದರೆ ಆ ಆಟದ ಊರಿನಲ್ಲಿ ದೀಪಶ್ರೀ ಒಂದು ಕೆರೆ ತೋಡಿಸಿ, ಅದಕ್ಕೆ ತೀರಿಕೊಂಡ ತನ್ನ ತಾಯಿಯ ಹೆಸರಿಟ್ಟಿದ್ದಾಳೆ. ವಿಶಾಲಾಕ್ಷಮ್ಮನ ಕೆರೆ. ಮನಸ್ಸು ಸರಿಯಿಲ್ಲದ ದಿನ ಅವಳು ರಸ್ತೆ, ಸೇತುವೆ ಏನೂ ಕಟ್ಟುವುದಿಲ್ಲ. ಆ ಕೆರೆ ಏರಿಯನ್ನು ಪರದೆಯ ಮೇಲೆ ತಂದುಕೊಂಡು ಸುಮ್ಮನೆ ನೋಡುತ್ತಾ ಕೂರುತ್ತಾಳೆ. ಅಂಥ ಕೆರೆ ಯಾವನೋ ಷಟರ್ ಇಲ್ಲದವನ ಕೈಯಲ್ಲಿದೆ!

ಆಗಲೇ ನನಗೊಂದು ಮಹಾ ಉಪಾಯ ಹೊಳೆದದ್ದು. ಅವಳ ಆಟಗಳನ್ನೆಲ್ಲ ಅಂಗಡಿಯಿಂದ ಹೊರತೆಗೆದು ಒಂದು ಪೆನ್‌ಡ್ರೈವಿಗೆ ತುಂಬಿಸಿ ಬೀರುವಿನಲ್ಲಿಟ್ಟರೆ? ಪತ್ನಿಯ ಸ್ಥಿರಾಸ್ತಿಯ ರಕ್ಷಣೆ ಪತಿಯ ಕರ್ತವ್ಯವಲ್ಲವೇ?

ಶನಿವಾರ ದೀಪಶ್ರೀ ಶಾಲೆಗೆ ಹೊರಟ ಮೇಲೆ ಅಂಗಡಿಯಲ್ಲಿ ಅಣ್ಣನನ್ನು ಕೂರಿಸಿ, ನಾನು ಮನೆಯ ಕಂಪ್ಯೂಟರಿನ ಮುಂದೆ ಕೂತೆ. ಆ ಅಂಗಡಿಯ ಚಿತ್ರ ಒತ್ತಿದೆ. 'ಕಡೂರು ಹುಲಿ' ಎಂಬ ಹೆಸರು ಬಂತು. ನಮ್ಮ ಮನೆಯಲ್ಲಿ ಹುಲಿ ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಕೆಳಗೆ ಪಾಸ್‌ವರ್ಡ್ ಕೇಳಿತು. ಅವಳ ಹೆಸರು ಹಾಕಿದೆ, ತಪ್ಪು ಎಂದಿತು. ಅವಳ ಶಾಲೆಯ ಹೆಸರು ಹಾಕಿದೆ, ತಪ್ಪು. ಕೊನೆಗೆ ಸ್ವಲ್ಪ ನಾಚಿಕೊಂಡೇ ನನ್ನ ಹೆಸರು ಹಾಕಿದೆ. ಗಂಡನಾದವನಿಗೆ ಇಷ್ಟಾದರೂ ಆಸೆ ಇರಬಾರದೇ? ಅದು ತಪ್ಪು ಎಂದು ಹೇಳುವುದರ ಜೊತೆಗೆ ಕೆಂಪು ಅಕ್ಷರದಲ್ಲಿ ಇನ್ನೊಂದು ಮಾತನ್ನೂ ಹೇಳಿತು: ಯಾರೋ ಈ ಖಾತೆಗೆ ನುಗ್ಗಲು ನೋಡುತ್ತಿದ್ದಾರೆ, ಆದ್ದರಿಂದ ಬೀಗ ಹಾಕಲಾಗಿದೆ, ನಿಮ್ಮ ಮೊಬೈಲಿಗೆ ಬಂದ ಒಟಿಪಿ ಕೊಟ್ಟರೆ ಮಾತ್ರ ತೆಗೆಯಲಾಗುವುದು.

ಕೆಳಗೆ ಕಾಣಿಸಿದ ಮೊಬೈಲ್ ನಂಬರಿನ ಕೊನೆಯ ಅಂಕಿಗಳನ್ನು ಮತ್ತೆ ಮತ್ತೆ ಓದಿದೆ. ಅದು ನನ್ನ ಹಳೆಯ ನಂಬರು. ಗ್ಯಾಸಿಗೆ, ರೇಷನ್ನಿಗೆ ಕೊಟ್ಟ ಹಾಗೆ ಇದಕ್ಕೂ ಗಂಡನ ನಂಬರನ್ನೇ ಕೊಟ್ಟಿದ್ದಾಳೆ, ಪತಿವ್ರತೆ! ನಾನೋ ಆ ಸಿಮ್ಮಿಗೆ ರೀಚಾರ್ಜ್ ಮಾಡದೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಅದು ಯಾರ ಪಾಲಾಗಿದೆಯೋ ಏನೋ! ಆ ನಂಬರಿಗೆ ಫೋನ್ ಮಾಡಿದೆ.

"ಯಾರು?" ಎಂದು ಒಂದು ಹೆಂಗಸಿನ ಗಡಸು ದನಿ ಕೇಳಿತು.

"ಅಮ್ಮಾ, ನಮಸ್ಕಾರ. ಈಗ ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬಂದಿರುತ್ತೆ. ಅದನ್ನ ಸ್ವಲ್ಪ ಹೇಳ್ತೀರಾ?"

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ನನಗೆ ಅದರ ಅರ್ಥ ಹೊಳೆದದ್ದು. ದೇಶದ ಬ್ಯಾಂಕುಗಳೂ ಪೊಲೀಸರೂ ಬೆಳಗಿನಿಂದ ಸಂಜೆಯವರೆಗೆ ಯಾವ ವಾಕ್ಯವನ್ನು ನಂಬಬೇಡಿ ಎಂದು ಬಡಕೊಳ್ಳುತ್ತಿದ್ದಾರೋ, ಅಕ್ಷರ ಬಿಡದೆ ಅದನ್ನೇ ಆಡಿದ್ದೆ.

"ಓಹೋ, ಬಂದ್ಯೇನಪ್ಪಾ! ಯಾರಿಗೆ ಪೋನ್ ಮಾಡಿದ್ರೂ ಮೊದ್ಲು ನಿನ್ ಸುದ್ದೀನೇ ಹೇಳ್ತಾರೆ. ನನ್ನತ್ರ ಯಾವಾಗ ಬತ್ತೀಯೋ ಅಂತ ಕಾಯ್ತಾ ಇದ್ದೆ ಕಣೋ."

"ಅಯ್ಯೋ, ನಾನು ಅಂಥವನಲ್ಲಮ್ಮ. ಕಡೂರಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದೀನಿ."

"ಮೊನ್ನೆ ಒಬ್ಬ ಬ್ಯಾಂಕ್ ಮ್ಯಾನೇಜರ್ ಅಂದ. ಇನ್ನೊಬ್ಬ ಕರೆಂಟ್ ಆಪೀಸು ಅಂದ. ಪಾತ್ರೆ ಅಂಗ್ಡಿ ಹೊಸ್ದಾಗೈತೆ."

"ನನ್ನ ಹೆಂಡ್ತಿ ಕಟ್ಟಿರೋ ಊರಿಗೆ ಬೀಗ ಬಿದ್ದಿದೆಯಮ್ಮ. ಅಲ್ಲಿ ಅವಳ ತಾಯಿ ಹೆಸರಲ್ಲಿ ಒಂದು ಕೆರೆ..."

"ಊರಿಗೆ ಬೀಗವಾ! ಲೇ, ಅಜ್ಜಂಪುರ ಬಸ್ ಸ್ಟ್ಯಾಂಡ್ ಎದ್ರಿಗೆ ಲಿಂಗಮ್ಮನ ಹೋಟ್ಲು ಅಂದ್ರೆ ಯಾರಾದ್ರೂ ತೋರುಸ್ತಾರೆ. ನಿಯತ್ತಿದ್ರೆ ಎದ್ರಿಗೆ ಬಂದು ಕೇಳು!"

ಫೋನ್ ಇಟ್ಟುಬಿಟ್ಟಳು. ನನ್ನ ಮುಂದೆ ಎರಡೇ ದಾರಿ. ಅಜ್ಜಂಪುರಕ್ಕೆ ಹೋಗಿ ಲಿಂಗಮ್ಮನನ್ನು ಎದುರಿಸುವುದು, ಇಲ್ಲವೇ ಮನೆಯಲ್ಲೇ ಕೂತು ದೀಪಶ್ರೀಯನ್ನು ಎದುರಿಸುವುದು. ಆಧಾರ್ ಕಾರ್ಡನ್ನೂ ನಮ್ಮ ಮದುವೆ ಫೋಟೋವನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಬೀರೂರಿನಲ್ಲಿ ಬಸ್ಸು ಬದಲಾಯಿಸುವಾಗ ವಾಪಸ್ಸು ಹೋಗಿಬಿಡೋಣ ಎಂದು ಕಾಲು ಹಿಂದೆ ಎಳೆಯಿತು. ಕೆರೆ ನೆನಪಾಗಿ ಮುಂದೆ ಹೋದೆ.

ಅಜ್ಜಂಪುರದ ಹೋಟೆಲಿನಲ್ಲಿ ನನಗಾಗಿ ಸಭೆಯೇ ಸೇರಿತ್ತು. ನಡುವೆ ಸೌಟು ಹಿಡಿದ ಲಿಂಗಮ್ಮ, ಸುತ್ತಲೂ ತಿಂಡಿ ಮುಗಿಸಿಯೂ ಏಳದ ಗಿರಾಕಿಗಳು.

"ಅಮ್ಮಾ, ಬೆಳಿಗ್ಗೆ ಫೋನ್ ಮಾಡಿದ್ದೆನಲ್ಲ..." ಎನ್ನುವಷ್ಟರಲ್ಲಿ ಇಬ್ಬರು ಎದ್ದು ಬಾಗಿಲಿಗೆ ಅಡ್ಡ ನಿಂತರು. ಕನ್ನಡಕದ ಯಜಮಾನರೊಬ್ಬರು ಮೊಬೈಲ್ ತೆಗೆದು ನನ್ನ ಫೋಟೋ ಹೊಡೆದೇಬಿಟ್ಟರು. ನಾನು ಕೈಯಿಂದ ಮುಖ ಮುಚ್ಚಿಕೊಂಡೆ. (ನಿಜವಾದ ಕಳ್ಳನೂ ಅಷ್ಟು ಚೆನ್ನಾಗಿ ಮುಚ್ಚಿಕೊಳ್ಳಲಾರ.)

ಆಮೇಲೆ ಚೀಲದಿಂದ ಆಧಾರ್ ಕಾರ್ಡನ್ನೂ ಮದುವೆ ಫೋಟೋವನ್ನೂ ತೆಗೆದು ಅವರ ಮುಂದಿಟ್ಟೆ. "ಆಧಾರ್ ಯಾರ್ ಬೇಕಾದ್ರೂ ಮಾಡುಸ್ತಾರೆ" ಎಂದ ಒಬ್ಬ. ಮದುವೆ ಫೋಟೋ ನೋಡಿದ ಇನ್ನೊಬ್ಬ, "ಇದ್ರಲ್ಲಿ ಇರೋನಿಗೆ ತಲೆ ತುಂಬ ಕೂದ್ಲೈತೆ, ಇವ್ನಲ್ಲ" ಎಂದು ತೀರ್ಪು ಕೊಟ್ಟ.

"ಸುಮ್ನಿರ್ರೋ" ಎಂದಳು ಲಿಂಗಮ್ಮ. "ನೋಡಪ್ಪಾ, ಹೆಂಡ್ತಿ ಅವ್ಳೆ ಅಂತೀಯಲ್ಲ, ಅವ್ಳ ನಂಬರ್ ಕೊಡು. ನಾನೇ ಕೇಳ್ತೀನಿ."

ಬೆಂಚಿನ ಮೇಲೆ ಕುಸಿದು ಕೈ ಮುಗಿದೆ. "ಅದೊಂದು ಬೇಡಮ್ಮಾ. ಬೇಕಾದ್ರೆ ಪೊಲೀಸಿಗೆ ಫೋನ್ ಮಾಡಿ. ನಾನೇ ನಂಬರ್ ಹೇಳ್ತೀನಿ. ಅವಳಿಗೆ ಮಾತ್ರ ಬೇಡ."

ಲಿಂಗಮ್ಮ ನನ್ನ ನಡುಗುವ ಕೈಗಳನ್ನೇ ನೋಡಿದಳು. ಅವಳ ಮುಖ ಮೆಲ್ಲಗೆ ಸಡಿಲವಾಯಿತು.

"ಬಾಗ್ಲು ಬಿಡ್ರೋ. ಇವ್ನು ಕಳ್ಳ ಅಲ್ಲ. ಕಳ್ರು ಪೊಲೀಸ್ರಿಗೆ ಹೆದರ್ತಾರೆ. ಇದು ಸಂಸಾರಸ್ಥನ ಹೆದ್ರಿಕೆ. ನಮ್ಮನೆಯೋರೂ ಹಿಂಗೇ ಇದ್ರು." ನನಗೊಂದು ಲೋಟ ಕಾಫಿ ಕೊಟ್ಟು, ತನ್ನ ಮೊಬೈಲನ್ನೂ ಮುಂದೆ ಹಿಡಿದಳು.

ಒಟಿಪಿ ಅಲ್ಲಿತ್ತು. ಆದರೆ ಅದರ ಆಯುಷ್ಯ ನಾನು ಕಡೂರು ಬಿಡುವ ಮೊದಲೇ ಮುಗಿದಿತ್ತು. ಹೊಸದು ತರಿಸೋಣವೆಂದು ನನ್ನ ಮೊಬೈಲಿನಲ್ಲೇ ಆ ಅಂಗಡಿ ತೆರೆದು ಒತ್ತಿದೆ. ಹೊಸ ಊರು, ಹೊಸ ಯಂತ್ರ ಕಂಡ ಅಂಗಡಿ ಇನ್ನಷ್ಟು ಬೆದರಿತು. 'ನಿಮ್ಮ ಸುರಕ್ಷತೆಗಾಗಿ ಈ ಖಾತೆಯನ್ನು ಪೂರ್ತಿ ಮುಚ್ಚಲಾಗಿದೆ' ಎಂದಿತು. ವಾದ ಮಾಡೋಣವೆಂದರೆ ಗಲ್ಲಾದ ಮೇಲೆ ಯಾರೂ ಇಲ್ಲ. ಗಲ್ಲಾವೇ ಇಲ್ಲ. ನನ್ನ ಅಂಗಡಿಯಲ್ಲಾಗಿದ್ದರೆ ಗಿರಾಕಿ ನನ್ನ ಮೇಲೆ ಕೂಗಾಡಿಯಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಸತ್ತ ಮುಖ ಹೊತ್ತು ವಾಪಸ್ಸು ಹೊರಟೆ. ಬೀರೂರಿನಲ್ಲಿ ಕಡೂರಿನ ಬಸ್ಸಿಗೆ ಹತ್ತಿದರೆ ಒಂದೇ ಸೀಟು ಖಾಲಿ. ಅದರ ಪಕ್ಕದಲ್ಲಿ, ತರೀಕೆರೆಯಿಂದ ಬಂದ ದೀಪಶ್ರೀ!

"ಅರೆ, ನೀವೇನ್ರೀ ಇಲ್ಲಿ?"

"ಮಾಲು... ಮಾಲು ನೋಡೋಕೆ ಬಂದಿದ್ದೆ."

"ಕೂತ್ಕೊಳ್ಳಿ. ಇಲ್ನೋಡಿ, ನಮ್ಮ ಟೀಚರ್ಸ್ ಗ್ರೂಪಿಗೆ ಬಂದಿದೆ. ಅಜ್ಜಂಪುರದಲ್ಲಿ ಒಟಿಪಿ ಕಳ್ಳನ್ನ ಹಿಡಿದ್ರಂತೆ. ಮುಖ ಹೇಗೆ ಮುಚ್ಕೊಂಡಿದ್ದಾನೆ ನೋಡಿ, ಮಾನ ಇಲ್ಲದವನು. ಶರ್ಟ್ ಮಾತ್ರ ನಾನು ನಿಮಗೆ ಯುಗಾದಿಗೆ ತಂದ್ಕೊಟ್ಟೆನಲ್ಲ, ಅದೇ ಥರ..."

ಮಾತು ಅರ್ಧಕ್ಕೆ ನಿಂತಿತು. ಅವಳು ಫೋಟೋ ನೋಡಿದಳು, ನನ್ನ ಶರ್ಟು ನೋಡಿದಳು, ಮತ್ತೆ ಫೋಟೋ ನೋಡಿದಳು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ನಿನ್ನ ಊರು ಹೋಯ್ತು ಕಣೇ" ಎಂದೆ. "ಅಮ್ಮನ ಕೆರೇನೂ ಹೋಯ್ತು. ಪೆನ್‌ಡ್ರೈವಿಗೆ ಹಾಕಿ ಉಳಿಸೋಣ ಅಂತ ಹೋದೆ. ಅಂಗಡಿಯವನು ನನ್ನನ್ನೇ ಕಳ್ಳ ಅಂದ್ಕೊಂಡು ಪೂರ್ತಿ ಮುಚ್ಚಿಬಿಟ್ಟ." ಪಾಸ್‌ವರ್ಡಿನಿಂದ ಹಿಡಿದು ಲಿಂಗಮ್ಮನ ಸೌಟಿನವರೆಗೆ ಎಲ್ಲ ಒಪ್ಪಿಸಿ, ಕಣ್ಣು ಮುಚ್ಚಿ ಕಾದೆ.

"ಯಾವ ಖಾತೆ ಅದು?" ಎಂದಳು.

"ನಿಂದೇ. ಕಡೂರು ಹುಲಿ."

ಕಣ್ಣು ಬಿಟ್ಟು ನೋಡಿದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾಳೆ. "ರೀ, ಆ ಹುಲಿ ನೀವೇ ಕಣ್ರೀ! ಕೊರೋನಾ ಟೈಮಲ್ಲಿ ಅಂಗಡಿ ಮುಚ್ಚಿ ಕೂತಿದ್ರಲ್ಲ, ನಿಮಗೆ ಬೇಜಾರಾಗುತ್ತೆ ಅಂತ ನಾನೇ ಒಂದು ಖಾತೆ ಮಾಡ್ಕೊಟ್ಟಿದ್ದೆ. ಅದರಲ್ಲಿ ಇರೋದು ಒಂದು ಕೇರಂ ಆಟ, ಅದೂ ಬಿಟ್ಟಿ. ಒಂದು ಸಲ ಆಡಿ, ಬೆರಳಿಗೆ ಕಾಯಿ ತಾಗಲ್ಲ ಅಂತ ಬೈಕೊಂಡು ಎದ್ದು ಹೋದ್ರಿ. ನನ್ನ ಖಾತೆ ಈ ಲ್ಯಾಪ್‌ಟಾಪಲ್ಲಿದೆ, ನನ್ನ ನಂಬರಲ್ಲಿದೆ." ತೊಡೆಯ ಮೇಲಿದ್ದ ಬ್ಯಾಗನ್ನು ತಟ್ಟಿದಳು.

ಬಸ್ಸಿನ ಕಿಟಕಿಯಿಂದ ಬಂದ ಗಾಳಿ ಆಗ ನನಗೆ ಮೊದಲ ಸಲ ತಂಪೆನಿಸಿತು.

"ಅಮ್ಮನ ಕೆರೆಗೋಸ್ಕರ ಅಜ್ಜಂಪುರದ ತನಕ ಹೋದ್ರಾ?" ಎಂದು ಅವಳು ಮೆಲ್ಲಗೆ ಕೇಳಿದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. ನಗುವಿಗೋ ಮತ್ತೇತಕ್ಕೋ ನಾನು ಕೇಳಲಿಲ್ಲ. ಕಳ್ಳನೆನಿಸಿಕೊಂಡದ್ದೂ ಸಾರ್ಥಕ ಎಂದುಕೊಂಡೆ. ಹೇಗಿದ್ದರೂ ಫೋಟೋದಲ್ಲಿ ಮುಖ ಕಾಣುವುದಿಲ್ಲ, ಹೆಸರಂತೂ ಇಲ್ಲವೇ ಇಲ್ಲ.

ಅಷ್ಟರಲ್ಲಿ ಅವಳ ಮೊಬೈಲಿಗೆ ಅದೇ ಗ್ರೂಪಿನಿಂದ ಒಂದು ಧ್ವನಿ ಸಂದೇಶ ಬಂತು. ಒತ್ತಿದಳು. ಗಡಸು ದನಿಯೊಂದು ಇಡೀ ಬಸ್ಸಿಗೆ ಕೇಳಿಸುವಂತೆ ಮೊಳಗಿತು.

"ಎಲ್ಲಾರ್ಗೂ ನಮಸ್ಕಾರ, ನಾನು ಅಜ್ಜಂಪುರದ ಹೋಟ್ಲು ಲಿಂಗಮ್ಮ. ಆಗ್ಲೇ ಪೋಟ ಹಾಕವ್ರಲ್ಲ, ಆವಪ್ಪ ಕಳ್ಳ ಅಲ್ಲ. ಆಧಾರ್ ಕಾರ್ಡ್ ನೋಡಿ ಹೇಳ್ತಾ ಇವ್ನಿ, ಕಡೂರಿನ ಪಾತ್ರೆ ಅಂಗ್ಡಿ ರೇಣುಕಪ್ರಸಾದಪ್ಪ. ಬಸ್ ಸ್ಟ್ಯಾಂಡ್ ಹಿಂದ್ಗಡೆ ಬೀದಿ. ಹೆಂಡ್ತಿಗೆ ಹೆದರ್ಕಂಡು ಊರೂರು ಸುತ್ತುತಾ ಅವ್ರೆ, ಅಷ್ಟೇಯ. ಹೆಂಡ್ತಿ ನಂಬರ್ ಕೇಳಿದ್ದಕ್ಕೆ ಕೈಕಾಲು ಗಡಗಡ ನಡುಗ್ಬಿಟ್ವು, ನಾನೇ ಕಣ್ಣಾರೆ ನೋಡ್ದೆ. ಪಾಪ, ಮರ್ಯಾದಸ್ಥರು, ಅವ್ರ ಹೆಸ್ರು ಕೆಡಬಾರ್ದು. ದಯವಿಟ್ಟು ಇದನ್ನ ಎಲ್ಲಾರ್ಗೂ ಕಳ್ಸಿ."

ಎಲ್ಲರೂ ಕಳಿಸಿದ್ದರು. ಮುಂದಿನ ಸೀಟಿನ ಮೊಬೈಲಿನಿಂದ "ಎಲ್ಲಾರ್ಗೂ ನಮಸ್ಕಾರ" ಎಂದು ಲಿಂಗಮ್ಮ ಮತ್ತೆ ಶುರುಮಾಡಿದಳು. ಹಿಂದಿನ ಸೀಟಿನಲ್ಲಿ ಅವಳು ಆಗಲೇ ಗಡಗಡದವರೆಗೆ ಬಂದಿದ್ದಳು. ಕಳ್ಳನಾಗಿಯೇ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಸೀಟಿನಲ್ಲಿ ಆದಷ್ಟು ಕೆಳಗೆ ಜಾರಿದೆ.

ಟಿಕೆಟ್ ಕೊಡಲು ಬಂದ ಕಂಡಕ್ಟರ್ ನನ್ನ ಮುಖ, ಶರ್ಟು, ಪಕ್ಕದಲ್ಲಿದ್ದ ದೀಪಶ್ರೀ, ಮೂರನ್ನೂ ನೋಡಿ ಕೈ ಮುಗಿದ.

"ಅಣ್ಣಾ, ಪಾತ್ರೆ ಅಂಗ್ಡಿಯೋರು ನೀವೇ ಅಲ್ವಾ? ನಮ್ಮನೆಯವ್ಳು ಇಡ್ಲಿ ಪಾತ್ರೆ ಕೇಳ್ತಾ ಇದ್ಲು. ನಾಳೆ ಬಂದ್ರೆ ಅಂಗ್ಡಿ ತೆಗ್ದಿರುತ್ತಾ?"

ಇಂಥ ಸರಳ ಪ್ರಶ್ನೆಗೆ ಉತ್ತರ ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಬಾಯಿ ತೆರೆಯುವ ಮೊದಲು, ನನಗೇ ಅರಿವಿಲ್ಲದೆ, ದೀಪಶ್ರೀಯ ಮುಖ ನೋಡಿಬಿಟ್ಟೆ.

ಇಡೀ ಬಸ್ಸು ಗೊಳ್ಳೆಂದಿತು.